ಕಟ್ಟಡ ವಿನ್ಯಾಸದ ತಂತ್ರಾಂಶಗಳಲ್ಲಿ ಘಟಕಗಳ ಗುಣನಿರ್ದೇಶ: ಒಂದು ಐತಿಹಾಸಿಕ ವಿವೇಚನೆ

ಗೋಡೆಯೊಂದನ್ನು ಕಾಗದದ ಮೇಲೆ ಎರಡು ಸಮಾನಾಂತರ ರೇಖೆಗಳಿಂದ ಸೂಚಿಸುವುದು ನಕ್ಷೆ ಬರೆಯುವವರ ಬಹುಕಾಲದ ಪದ್ಧತಿ. ಆ ರೇಖೆಗಳಿಗೆ ತಾವು ಗೋಡೆಯೆಂಬುದು ತಿಳಿಯದು. ಗೋಡೆ ಇಟ್ಟಿಗೆಯದೋ ಕಲ್ಲಿನದೋ, ಭಾರ ಹೊರುವುದೋ ಕೇವಲ ಮರೆಗಾಗಿ ನಿಂತುದೋ, ಬೆಂಕಿಯನ್ನು ಎಷ್ಟು ಹೊತ್ತು ತಡೆಯಬಲ್ಲುದು ಎಂಬ ಸಂಗತಿಗಳೆಲ್ಲ ನಕ್ಷೆಯ ಅಂಚಿನ ಟಿಪ್ಪಣಿಯಲ್ಲಿಯೋ, ಅಂದಾಜು ಪಟ್ಟಿಯಲ್ಲಿಯೋ, ಇಲ್ಲವೆ ಮೇಸ್ತ್ರಿಯ ನೆನಪಿನಲ್ಲಿಯೋ ಇರುತ್ತಿದ್ದವು. ಕಳೆದ ಅರವತ್ತು ವರ್ಷಗಳಲ್ಲಿ ಈ ಸ್ಥಿತಿ ಬದಲಾಗಿದೆ. ಗಣಕಯಂತ್ರದಲ್ಲಿ ರಚಿತವಾಗುವ ಇಂದಿನ ಕಟ್ಟಡದ ಮಾದರಿಯಲ್ಲಿ ಗೋಡೆಯು ಗೋಡೆಯಾಗಿಯೇ ದಾಖಲಾಗುತ್ತದೆ. ಅದರ ಗುಣಗಳು ಅದರೊಡನೆಯೇ ಇರುತ್ತವೆ. ಈ ಬದಲಾವಣೆ ಹೇಗೆ ಬಂದಿತು, ಗುಣಗಳನ್ನು ಬರೆಯುವ ಅಧಿಕಾರ ಯಾರ ಕೈಗೆ ಹೋಯಿತು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ಯಂತ್ರಶಾಸ್ತ್ರಜ್ಞರ ವಿಷಯವಲ್ಲವೆ, ಇತಿಹಾಸಕಾರನಿಗೆ ಇದರಲ್ಲೇನು ಕೆಲಸ ಎಂದು ಕೆಲವರಿಗೆ ತೋರಬಹುದು. ಆದರೆ ದಾಖಲೆಯ ಸ್ವರೂಪ ಬದಲಾದಾಗಲೆಲ್ಲ ಅದನ್ನು ಗಮನಿಸುವುದು ನಮ್ಮ ವೃತ್ತಿಯ ಕರ್ತವ್ಯವೆಂದೇ ನನ್ನ ಭಾವನೆ.

ಮೊದಲು ಪರಿಭಾಷೆಯ ಮಾತು. ಬಾಗಿಲು, ಕಿಟಕಿ, ತೊಲೆ, ಕಂಬ ಮುಂತಾದವುಗಳನ್ನು ಇಲ್ಲಿ ಘಟಕಗಳೆಂದು ಕರೆದಿದೆ. ಘಟಕದ ವಿಷಯವಾಗಿ ಹೇಳಬಹುದಾದ ಯಾವುದೇ ಸಂಗತಿ ಅದರ ಗುಣ. ಯಾವ ಗುಣದ ಮೌಲ್ಯವನ್ನು ಬದಲಿಸಿದರೆ ಘಟಕದ ಆಕಾರವಾಗಲಿ, ಅದಕ್ಕೆ ಸಂಬಂಧಿಸಿದ ಬೇರೆ ಮೌಲ್ಯಗಳಾಗಲಿ ತಾವೇ ಬದಲಾಗುತ್ತವೆಯೋ ಅದು ವಿಶೇಷಾರ್ಥದಲ್ಲಿ ಪ್ಯಾರಾಮೀಟರ್. ಇದನ್ನು ನಿಯತಾಂಕವೆಂದು ಕರೆಯುವವರುಂಟು. ಆದರೆ ಇಲ್ಲಿ ಅದರ ಮುಖ್ಯ ಲಕ್ಷಣವೇ ನಿಯತವಾಗಿಲ್ಲದಿರುವುದು. ಆದುದರಿಂದ ಬಳಕೆಯಲ್ಲಿರುವ ಪ್ಯಾರಾಮೀಟರ್ ಎಂಬ ಶಬ್ದವನ್ನೇ ಉಳಿಸಿಕೊಂಡಿದ್ದೇನೆ.

ಈ ಕಲ್ಪನೆಯ ಮೂಲವನ್ನು ಬಹು ಹಿಂದಕ್ಕೆ ಒಯ್ಯುವ ಪ್ರವೃತ್ತಿ ಇದೆ. ರೋಮಿನ ವಿಟ್ರೂವಿಯಸನು ಕಂಬದ ವ್ಯಾಸವನ್ನು ಮೂಲಮಾನವಾಗಿ ಹಿಡಿದು, ಉತ್ತಮವಾದ ದೇವಾಲಯದಲ್ಲಿ ಕಂಬಗಳ ನಡುವಣ ಅಂತರ ಆ ವ್ಯಾಸದ 2¼ ಪಾಲು ಇರಬೇಕೆಂದು ವಿಧಿಸಿದ್ದಾನೆ. ನಮ್ಮ ಶಿಲ್ಪಗ್ರಂಥಗಳ ತಾಲಮಾನ, ಹಸ್ತ, ಅಂಗುಲಗಳ ಪದ್ಧತಿಯೂ ಇದೇ ಬಗೆಯದು: ಒಂದು ಮಾನ ಗೊತ್ತಾದರೆ ಉಳಿದ ಅಂಗಗಳ ಮಾನವೂ ಗೊತ್ತಾಗುತ್ತದೆ. 1960ರಲ್ಲಿ ಮಿಲಾನಿನ 12ನೆಯ ತ್ರೈವಾರ್ಷಿಕ ಪ್ರದರ್ಶನದಲ್ಲಿ ಇಟಲಿಯ ವಾಸ್ತುಶಿಲ್ಪಿ ಲುಯಿಜಿ ಮೊರೆತ್ತಿ, ಪ್ರೇಕ್ಷಕರ ದೃಷ್ಟಿಗೆ ಸಂಬಂಧಿಸಿದ ಲೆಕ್ಕಗಳಿಂದ ರೂಪ ಪಡೆದ ಕ್ರೀಡಾಂಗಣಗಳ ಮಾದರಿಗಳನ್ನು ಇರಿಸಿ, ತನ್ನ ವಿಧಾನವನ್ನು ‘ಪ್ಯಾರಾಮೆಟ್ರಿಕ್ ವಾಸ್ತುಶಿಲ್ಪ’ವೆಂದೇ ಕರೆದನು. ಇವೆಲ್ಲ ನಿಜ. ಆದರೆ ಸಾದೃಶ್ಯವನ್ನು ವಂಶಾವಳಿಯೆಂದು ಭ್ರಮಿಸಬಾರದು. ಇಂದಿನ ತಂತ್ರಾಂಶಗಳನ್ನು ರಚಿಸಿದವರು ವಿಟ್ರೂವಿಯಸನನ್ನಾಗಲಿ, ನಮ್ಮ ಸ್ಥಪತಿಗಳನ್ನಾಗಲಿ ಓದಿ ಹೊರಟವರಲ್ಲ. ಅವರ ಆಕರಗಳು ಬೇರೆ. ಅವುಗಳನ್ನು ನಿಖರವಾಗಿ ಗುರುತಿಸಲು ಸಾಧ್ಯವಿದೆ.

ಅವುಗಳಲ್ಲಿ ಮೊದಲನೆಯದು 1963ರದು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಐವನ್ ಸದರ್ಲೆಂಡ್ ತಮ್ಮ ಡಾಕ್ಟರೇಟ್ ಪ್ರಬಂಧವಾಗಿ ‘ಸ್ಕೆಚ್‌ಪ್ಯಾಡ್’ ಎಂಬ ಕಾರ್ಯಕ್ರಮವನ್ನು ಒಪ್ಪಿಸಿದರು. ಲಿಂಕನ್ ಪ್ರಯೋಗಾಲಯದ ಟಿ. ಎಕ್ಸ್. 2 ಎಂಬ ಯಂತ್ರದ ತೆರೆಯ ಮೇಲೆ ಬೆಳಕಿನ ಲೇಖನಿಯಿಂದ ಚಿತ್ರ ಬರೆಯುವ ಸಾಧನ ಅದು. ಚಿತ್ರ ಬರೆಯಿತೆಂಬುದಕ್ಕಿಂತ ನಮಗೆ ಮುಖ್ಯವಾದ ಎರಡು ಅಂಶಗಳು ಅದರಲ್ಲಿವೆ. ಎರಡು ರೇಖೆಗಳು ಸಮಾನಾಂತರವಾಗಿರಬೇಕು, ಇವೆರಡರ ಉದ್ದ ಒಂದೇ ಇರಬೇಕು ಎಂಬ ನಿರ್ಬಂಧಗಳನ್ನು ಬಳಕೆದಾರನು ವಿಧಿಸಬಹುದಾಗಿತ್ತು. ಅವುಗಳನ್ನು ಪಾಲಿಸುವ ಹೊಣೆ ಯಂತ್ರದ್ದು. ಅಲ್ಲದೆ, ಒಂದು ಮೂಲಚಿತ್ರವನ್ನು ರಚಿಸಿ ಅದರ ಎಷ್ಟೋ ಪ್ರತಿಗಳನ್ನು ಇರಿಸಬಹುದಾಗಿತ್ತು. ಮೂಲವನ್ನು ತಿದ್ದಿದರೆ ಪ್ರತಿಗಳೆಲ್ಲ ತಿದ್ದುಪಡಿಯಾಗುತ್ತಿದ್ದವು. ಇಂದು ನಮೂನೆ ಮತ್ತು ವ್ಯಕ್ತಿ ಎಂದು ನಾವು ವಿಂಗಡಿಸುವ ತತ್ತ್ವದ ಬೀಜ ಇಲ್ಲಿಯೇ ಇದೆ.

ಸದರ್ಲೆಂಡರ ರೇಖೆಗಳು ಕಟ್ಟಡಕ್ಕೆ ಸೀಮಿತವಾಗಿರಲಿಲ್ಲ. ಕಟ್ಟಡವನ್ನೇ ಗುರಿಯಾಗಿಟ್ಟುಕೊಂಡವರು ಚಾರ್ಲ್ಸ್ ಈಸ್ಟ್‌ಮನ್. ಕಾರ್ನೆಗಿ-ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಅವರೂ ಅವರ ಸಹೋದ್ಯೋಗಿಗಳೂ 1974ರಲ್ಲಿ ‘ಬಿಲ್ಡಿಂಗ್ ಡಿಸ್ಕ್ರಿಪ್ಷನ್ ಸಿಸ್ಟಮ್’ ಎಂಬ ವ್ಯವಸ್ಥೆಯ ರೂಪರೇಷೆಯನ್ನು ಪ್ರಕಟಿಸಿದರು. ಮರುವರ್ಷ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯ ಪತ್ರಿಕೆಯಲ್ಲಿ ಅದರ ಕುರಿತು ಲೇಖನ ಬಂದಿತು. ಈಸ್ಟ್‌ಮನ್ನರ ವಾದ ಸರಳ. ಒಂದೇ ಕಂಬವನ್ನು ನೆಲನಕ್ಷೆಯಲ್ಲಿ ಒಮ್ಮೆ, ಛೇದನಕ್ಷೆಯಲ್ಲಿ ಒಮ್ಮೆ, ದೊಡ್ಡ ಪ್ರಮಾಣದ ವಿವರನಕ್ಷೆಯಲ್ಲಿ ಮತ್ತೊಮ್ಮೆ ಬರೆಯಬೇಕು. ಕಂಬ ಬದಲಾದರೆ ಎಲ್ಲವನ್ನೂ ಬೇರೆ ಬೇರೆಯಾಗಿ ತಿದ್ದಬೇಕು. ಒಂದನ್ನು ತಿದ್ದಲು ಮರೆತರೆ ನಕ್ಷೆಗಳು ಪರಸ್ಪರ ವಿರುದ್ಧವಾಗುತ್ತವೆ. ಅದರ ಬದಲು ಕಂಬವನ್ನು ಗುಣಸಹಿತವಾಗಿ ಒಂದೇ ಕಡೆ ವರ್ಣಿಸಿಟ್ಟು, ನಕ್ಷೆಗಳನ್ನೂ ಸಾಮಗ್ರಿಗಳ ಪಟ್ಟಿಯನ್ನೂ ಆ ವರ್ಣನೆಯಿಂದಲೇ ಪಡೆದರೆ ಈ ತೊಡಕು ತಪ್ಪುತ್ತದೆ. ನಕ್ಷೆಯು ಮೂಲವಾಗಿದ್ದುದು ಫಲವಾಯಿತು, ವರ್ಣನೆ ಮೂಲವಾಯಿತು. 2020ರಲ್ಲಿ ತೀರಿಕೊಂಡ ಈಸ್ಟ್‌ಮನ್ನರು ಈ ತತ್ತ್ವ ಜಗತ್ತಿನಾದ್ಯಂತ ರೂಢಿಗೆ ಬಂದುದನ್ನು ಕಣ್ಣಾರೆ ಕಂಡರು.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪ್ರಯತ್ನಗಳ ಪ್ರೇರಣೆ ಬೇರೆ ರೀತಿಯದು. ಯುದ್ಧಾನಂತರದ ಆ ದೇಶದಲ್ಲಿ ಶಾಲೆ, ಆಸ್ಪತ್ರೆಗಳನ್ನು ಸಿದ್ಧ ಘಟಕಗಳಿಂದ ಜೋಡಿಸುವ ಪದ್ಧತಿಗಳು ಬಳಕೆಗೆ ಬಂದಿದ್ದವು. ಆಕ್ಸ್‌ಫರ್ಡ್ ವಲಯದ ಆಸ್ಪತ್ರೆಗಳಿಗಾಗಿ ರೂಪಿಸಿದ ಅಂಥ ಪದ್ಧತಿಯೊಂದರ ಸುತ್ತಲೇ 1970ರ ದಶಕದಲ್ಲಿ ‘ಆಕ್ಸಿಸ್’ ಎಂಬ ವ್ಯವಸ್ಥೆ ಬೆಳೆಯಿತು. ಘಟಕಗಳು ಮೊದಲೇ ನಿಗದಿಯಾಗಿರುವಾಗ ಅವುಗಳ ಗುಣಗಳನ್ನು ಪಟ್ಟಿ ಮಾಡಿಡುವುದು ಸುಲಭ. ತರುವಾಯ ಬಂದ ‘ರುಕಾಪ್ಸ್’ ಲಂಡನ್ನಿನ ಹೀತ್ರೋ ನಿಲ್ದಾಣದ 3ನೆಯ ಟರ್ಮಿನಲಿನ ಕೆಲಸದಲ್ಲಿ ಬಳಕೆಯಾಯಿತು. 1986ರಲ್ಲಿ ಜೊನಾಥನ್ ಇಂಗ್ರಮರ ‘ಸೊನಾಟಾ’ ಬಂದಿತು. ಈ ಎರಡೂ ಈಗ ಬಳಕೆಯಲ್ಲಿಲ್ಲ.

ಆದರೆ ಇವೆಲ್ಲ ದುಬಾರಿ ಯಂತ್ರಗಳ ಮೇಲೆ ನಡೆಯುತ್ತಿದ್ದ ಕೆಲಸಗಳು. 1982ರಲ್ಲಿ ಹೊರಬಂದ ‘ಆಟೋಕ್ಯಾಡ್’ ಸಾಮಾನ್ಯ ಕಚೇರಿಯ ಮೇಜಿನ ಮೇಲಿನ ಯಂತ್ರದಲ್ಲಿ ನಡೆಯುತ್ತಿತ್ತು. ಅದು ಬರೆಯುತ್ತಿದ್ದುದು ಮತ್ತೆ ಹಳೆಯ ಗೆರೆಗಳನ್ನೇ. ಗೆರೆ ಗೋಡೆಯದೆಂದು ತೋರಿಸಲು ಅದನ್ನು ಗೋಡೆಗೆ ಮೀಸಲಾದ ಪದರದ ಮೇಲೆ ಬರೆಯುವುದೊಂದೇ ಆರಂಭದ ಉಪಾಯ. ಸ್ವಲ್ಪ ಕಾಲದಲ್ಲೇ, ಬಾಗಿಲಿನಂಥ ಸಿದ್ಧ ಚಿತ್ರಕ್ಕೆ ಅದರ ಸಂಖ್ಯೆ, ತಯಾರಕ, ಬೆಲೆ ಮುಂತಾದ ಗುಣಗಳನ್ನು ಅಂಟಿಸಿ, ಅವನ್ನೆಲ್ಲ ಒಂದು ಪಟ್ಟಿಯಾಗಿ ಹೊರತೆಗೆಯುವ ಅನುಕೂಲ ಒದಗಿತು. ಈ ಗುಣವು ದನದ ಕೊರಳಿಗೆ ಕಟ್ಟಿದ ಚೀಟಿಯಂತೆ. ಚೀಟಿಯಲ್ಲಿ ಅಗಲ 900 ಎಂದಿದ್ದುದನ್ನು 1200 ಎಂದು ತಿದ್ದಿದರೆ ಚಿತ್ರದ ಬಾಗಿಲು ಅಗಲವಾಗುವುದಿಲ್ಲ. ಚೀಟಿಯೂ ವಸ್ತುವೂ ಬೇರೆ ಬೇರೆ ಮಾತನ್ನು ಹೇಳುತ್ತಿದ್ದರೂ ಯಂತ್ರಕ್ಕೆ ಅದು ತಿಳಿಯದು. ಗುಣಕ್ಕೂ ಪ್ಯಾರಾಮೀಟರಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ಈ ಅಂತರವನ್ನು ಸಣ್ಣ ಯಂತ್ರದಲ್ಲಿಯೇ ದಾಟಿದವರು ಹಂಗೆರಿಯವರು. ಕಮ್ಯುನಿಸ್ಟ್ ಆಡಳಿತವಿದ್ದ ಬುಡಾಪೆಸ್ಟಿನಲ್ಲಿ 1982ರಲ್ಲಿ ಗಾಬೋರ್ ಬೊಯಾರ್ ಮತ್ತು ಅವರ ಜೊತೆಗಾರರು ‘ಗ್ರಾಫಿಸಾಫ್ಟ್’ ಸಂಸ್ಥೆಯನ್ನು ಆರಂಭಿಸಿದರು. ಪಾಕ್ಸ್ ಅಣುವಿದ್ಯುತ್ ಸ್ಥಾವರದ ಕೊಳವೆಗಳ ಜಾಲವನ್ನು ಮೂರು ಆಯಾಮಗಳಲ್ಲಿ ವರ್ಣಿಸುವುದು ಅವರ ಮೊದಲ ಕೆಲಸಗಳಲ್ಲೊಂದು. ಅವರ ‘ಆರ್ಕಿಕ್ಯಾಡ್’ ತಂತ್ರಾಂಶದೊಡನೆ ಜಿ. ಡಿ. ಎಲ್. ಎಂಬ ವರ್ಣನಭಾಷೆ ಬಂದಿತು. ಕಿಟಕಿಯೊಂದನ್ನು ಚಿತ್ರವಾಗಿ ಸಂಗ್ರಹಿಸದೆ, ಅಗಲ ಇಷ್ಟು, ಎತ್ತರ ಇಷ್ಟು ಎಂದು ಕೊಟ್ಟರೆ ಚೌಕಟ್ಟನ್ನು ಹೀಗೆ ಕಟ್ಟು ಎಂಬ ವಿಧಿಯಾಗಿ ಅದನ್ನು ಬರೆದಿಡುವುದು ಈ ಭಾಷೆಯ ಕ್ರಮ. ಮೌಲ್ಯ ಬದಲಾದರೆ ಕಿಟಕಿ ಮತ್ತೆ ಹೊಸದಾಗಿ ಕಟ್ಟಲ್ಪಡುತ್ತಿತ್ತು.

ಮತ್ತೊಂದು ಧಾರೆ ಯಂತ್ರಭಾಗಗಳ ವಿನ್ಯಾಸದಿಂದ ಬಂದಿತು. ಸೋವಿಯತ್ ದೇಶದಿಂದ ಅಮೆರಿಕಕ್ಕೆ ವಲಸೆ ಬಂದ ಗಣಿತಜ್ಞ ಸ್ಯಾಮ್ಯುಯೆಲ್ ಗೈಸ್‌ಬರ್ಗ್ 1985ರಲ್ಲಿ ಸ್ಥಾಪಿಸಿದ ಕಂಪೆನಿ, ಆ ದಶಕದ ಕೊನೆಯಲ್ಲಿ ‘ಪ್ರೊ/ಎಂಜಿನಿಯರ್’ ತಂತ್ರಾಂಶವನ್ನು ಹೊರತಂದಿತು. ಒಂದು ಅಳತೆಯನ್ನು ಬದಲಿಸಿದರೆ ಅದನ್ನು ಅವಲಂಬಿಸಿದ ಎಲ್ಲ ಅಳತೆಗಳೂ ಮರುಗಣನೆಯಾಗುವುದು ಅದರ ಹೆಗ್ಗಳಿಕೆ. ಅಲ್ಲಿ ದುಡಿದ ಲಿಯೊನಿಡ್ ರೈಜ್ ಮತ್ತು ಅರ್ವಿನ್ ಯುಂಗ್ರೈಸ್ 1997ರಲ್ಲಿ ಸ್ವಂತ ಸಂಸ್ಥೆಯನ್ನು ಕಟ್ಟಿ, 2000ದ ಏಪ್ರಿಲಿನಲ್ಲಿ ‘ರೆವಿಟ್’ ತಂತ್ರಾಂಶವನ್ನು ಬಿಡುಗಡೆ ಮಾಡಿದರು. 2002ರಲ್ಲಿ ಆಟೋಕ್ಯಾಡಿನ ಒಡೆತನದ ಆಟೋಡೆಸ್ಕ್ ಕಂಪೆನಿಯೇ ಅದನ್ನು 13 ಕೋಟಿ 30 ಲಕ್ಷ ಡಾಲರುಗಳಿಗೆ ಕೊಂಡುಕೊಂಡಿತು. ಕಟ್ಟಡಗಳ ತಂತ್ರಾಂಶದಲ್ಲಿ ಪ್ಯಾರಾಮೀಟರ್ ಎಂಬ ಶಬ್ದ ಇಂದು ಪಡೆದಿರುವ ಅರ್ಥ ಬಹುಮಟ್ಟಿಗೆ ಈ ಧಾರೆಯದು, ಮೊರೆತ್ತಿಯ ಧಾರೆಯದಲ್ಲ.

ರೆವಿಟ್ಟಿನ ವರ್ಗೀಕರಣವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಆವಶ್ಯಕ. ಅದರಲ್ಲಿ ಬಾಗಿಲು ಎಂಬುದು ಒಂದು ವರ್ಗ. ಒಂಟಿ ರೆಕ್ಕೆಯ ಬಾಗಿಲು ಆ ವರ್ಗದೊಳಗಿನ ಒಂದು ಕುಟುಂಬ. ಆ ಕುಟುಂಬದಲ್ಲಿ 900 ಮಿಲಿಮೀಟರ್ ಅಗಲದ್ದು ಒಂದು ನಮೂನೆ, 1200ರದು ಇನ್ನೊಂದು ನಮೂನೆ. ಎರಡನೆಯ ಮಹಡಿಯ ಹನ್ನೊಂದನೆಯ ಕೋಣೆಗೆ ಇಟ್ಟ ಬಾಗಿಲು ಆ ನಮೂನೆಯ ಒಂದು ವ್ಯಕ್ತಿ. ನಮ್ಮ ತಾರ್ಕಿಕರ ಜಾತಿ-ವ್ಯಕ್ತಿ ವಿವೇಚನೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಕೆಲವು ಪ್ಯಾರಾಮೀಟರುಗಳು ನಮೂನೆಗೆ ಸೇರಿದವು, ಕೆಲವು ವ್ಯಕ್ತಿಗೆ. ಅಗಲ ನಮೂನೆಗೆ ಸೇರಿದ್ದರೆ, ಒಂದು ಬಾಗಿಲನ್ನು ಅಗಲ ಮಾಡಲು ಹೋದವನು ಆ ನಮೂನೆಯ ನಲವತ್ತು ಬಾಗಿಲುಗಳನ್ನೂ ಅಗಲ ಮಾಡಿಬಿಡುತ್ತಾನೆ. ಹಾಗಾಗಬಾರದೆಂದರೆ ನಮೂನೆಯ ನಕಲನ್ನು ಮಾಡಿಕೊಂಡು ಅದಕ್ಕೆ ಬೇರೆ ಹೆಸರಿಡಬೇಕು. ಅಗಲ ವ್ಯಕ್ತಿಗೆ ಸೇರಿದ್ದರೆ ಪ್ರತಿ ಬಾಗಿಲೂ ಸ್ವತಂತ್ರ. ಆಗ ಒಂದೇ ಅಗಲವೆಂದುಕೊಂಡ ನಲವತ್ತು ಬಾಗಿಲುಗಳಲ್ಲಿ ಮೂರು ಬೇರೆಯಾಗಿರುವುದು ಬಡಗಿ ಬಂದು ಕೇಳುವವರೆಗೂ ತಿಳಿಯದಿರಬಹುದು. ಕುಟುಂಬವನ್ನು ರಚಿಸುವವನು ಯಾವುದನ್ನು ಎಲ್ಲಿ ಸೇರಿಸುತ್ತಾನೆಂಬುದು ಮೇಲ್ನೋಟಕ್ಕೆ ತಾಂತ್ರಿಕ ಆಯ್ಕೆ. ವಾಸ್ತವವಾಗಿ, ಮುಂದೆ ಆ ಕುಟುಂಬವನ್ನು ಬಳಸುವ ನೂರಾರು ಜನರಿಗೆ ಯಾವುದು ಸುಲಭ, ಯಾವುದು ಕಷ್ಟ ಎಂಬುದನ್ನು ಅವನು ಮೊದಲೇ ತೀರ್ಮಾನಿಸಿಬಿಡುತ್ತಾನೆ. ಅವನ ಹೆಸರು ಎಲ್ಲಿಯೂ ದಾಖಲಾಗುವುದಿಲ್ಲ. ಬೆಂಗಳೂರಿನ ಕಚೇರಿಗಳಲ್ಲಿ ಕುಳಿತು ಪರದೇಶಗಳ ಕಟ್ಟಡಗಳ ಮಾದರಿಗಳನ್ನು ಸಿದ್ಧಪಡಿಸುವ ತರುಣ ತರುಣಿಯರೂ ಇಂಥ ಅಜ್ಞಾತ ಕರ್ತೃಗಳೇ.

ಇದಕ್ಕಿಂತ ಗಹನವಾದ ಪ್ರಶ್ನೆ ಹೆಸರಿನದು. ಒಂದೇ ಗುಣವನ್ನು ಹಲವು ಕುಟುಂಬಗಳಿಗೆ ಸಮಾನವಾಗಿ ಕೊಟ್ಟು ಒಂದೇ ಪಟ್ಟಿಯಲ್ಲಿ ತೋರಿಸಬೇಕಾದಾಗ ರೆವಿಟ್ಟಿನಲ್ಲಿ ಹಂಚಿಕೆಯ ಪ್ಯಾರಾಮೀಟರನ್ನು ಬಳಸುತ್ತಾರೆ. ಅದರ ಲಕ್ಷಣವು ಒಂದು ಪ್ರತ್ಯೇಕ ಪಠ್ಯಕಡತದಲ್ಲಿರುತ್ತದೆ. ಅದನ್ನು ತಂತ್ರಾಂಶ ಗುರುತಿಸುವುದು ಹೆಸರಿನಿಂದಲ್ಲ, ಸೃಷ್ಟಿಯಾದ ಕ್ಷಣದಲ್ಲಿ ಅದಕ್ಕೆ ದೊರೆತ ಉದ್ದವಾದ ಅದ್ವಿತೀಯ ಸಂಕೇತದಿಂದ. ಇಬ್ಬರು ತಮ್ಮ ತಮ್ಮ ಕಚೇರಿಗಳಲ್ಲಿ ‘ಅಗ್ನಿನಿರೋಧ’ ಎಂಬ ಒಂದೇ ಹೆಸರಿನ ಪ್ಯಾರಾಮೀಟರುಗಳನ್ನು ಬೇರೆ ಬೇರೆಯಾಗಿ ಸೃಷ್ಟಿಸಿದರೆ, ಯಂತ್ರದ ದೃಷ್ಟಿಯಲ್ಲಿ ಅವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಎರಡೂ ಕಡೆಯ ಬಾಗಿಲುಗಳು ಒಂದೇ ಕಟ್ಟಡದಲ್ಲಿ ಸೇರಿದಾಗ ಪಟ್ಟಿಯಲ್ಲಿ ಅರ್ಧ ಬಾಗಿಲುಗಳ ಎದುರು ಖಾಲಿ ಜಾಗ ಕಾಣುತ್ತದೆ. ಗುಣ ಬರೆದಿದೆ, ಆದರೆ ಓದಲು ಸಿಕ್ಕುವುದಿಲ್ಲ.

ನಮ್ಮ ಶಾಸನಗಳನ್ನು ಓದಿದವರಿಗೆ ಇಂಥ ತೊಡಕು ಹೊಸದಲ್ಲ. ದಾನವಿತ್ತ ಭೂಮಿ ಇಷ್ಟು ಮತ್ತರು ಎಂದು ಶಾಸನ ಹೇಳುತ್ತದೆ. ಆದರೆ ಮತ್ತರು ಎಂಬ ಹೆಸರು ಒಂದೇ ಆದರೂ ಅಳೆದ ಗಳೆ ಒಂದೇ ಅಲ್ಲ. ಆದುದರಿಂದಲೇ ಎಚ್ಚರವುಳ್ಳ ಶಾಸನಕಾರರು ಯಾವ ಗಳೆಯಿಂದ ಅಳೆದುದೆಂಬುದನ್ನೂ ಹೇಳುತ್ತಾರೆ. ಬಳ್ಳಿಗಾವೆಯ ಕಡೆಯಲ್ಲಿ ಭೇರುಂಡ ಗಳೆಯ ಉಲ್ಲೇಖ ಬರುವುದನ್ನು ಇಲ್ಲಿ ನೆನೆಯಬಹುದು. ಗಳೆಯ ಹೆಸರಿಲ್ಲದ ಮತ್ತರನ್ನು ಇಂದಿನ ಎಕರೆಗೆ ತಿರುಗಿಸಲು ಹೊರಟು ಸೋತವರ ಸಂಖ್ಯೆ ಕಡಮೆಯಲ್ಲ. ಹಂಚಿಕೆಯ ಪ್ಯಾರಾಮೀಟರಿನ ಪಠ್ಯಕಡತ ಈ ಗಳೆಯ ಸ್ಥಾನದಲ್ಲಿದೆ.

ಒಂದು ತಂತ್ರಾಂಶದೊಳಗೇ ಹೀಗಾದರೆ, ಹಲವು ತಂತ್ರಾಂಶಗಳ ನಡುವೆ ಹೇಗಾದೀತು? 2004ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಪ್ರಕಟಿಸಿದ ವರದಿ, ಮಾಹಿತಿಯ ವಿನಿಮಯ ಸರಿಯಾಗಿ ನಡೆಯದುದರಿಂದ ಆ ದೇಶದ ದೊಡ್ಡ ಕಟ್ಟಡಗಳ ಉದ್ಯಮಕ್ಕೆ ವರ್ಷಕ್ಕೆ 1580 ಕೋಟಿ ಡಾಲರುಗಳ ನಷ್ಟವಾಗುತ್ತಿದೆಯೆಂದು ಅಂದಾಜು ಮಾಡಿತು. ಅದಕ್ಕೆ ಹತ್ತು ವರ್ಷ ಮೊದಲೇ ಉದ್ಯಮದವರು ಒಕ್ಕೂಟವೊಂದನ್ನು ಕಟ್ಟಲು ತೊಡಗಿದ್ದರು. 1997ರಲ್ಲಿ ಅದರಿಂದ ಐ. ಎಫ್. ಸಿ. ಎಂಬ ವಿನಿಮಯ ಕ್ರಮದ ಮೊದಲ ಆವೃತ್ತಿ ಬಂದಿತು. 2013ರಲ್ಲಿ ಅದು 16739 ಸಂಖ್ಯೆಯ ಅಂತರರಾಷ್ಟ್ರೀಯ ಮಾನಕವಾಯಿತು. ಇದನ್ನು ರಚಿಸಿದವರು ಒಂದು ಜಾಣ ವ್ಯವಸ್ಥೆಯನ್ನು ಮಾಡಿದರು. ಗೋಡೆ, ತೊಲೆ, ಬಾಗಿಲು ಎಂಬ ಜಾತಿಗಳನ್ನು ಮಾನಕದೊಳಗೆ ಭದ್ರವಾಗಿ ಕಟ್ಟಿದರು. ಅವುಗಳ ಗುಣಗಳಲ್ಲಿ ಹೆಚ್ಚಿನವನ್ನು ಗುಣಸಮೂಹಗಳೆಂಬ ಬಿಡಿ ಚೀಲಗಳಲ್ಲಿ ಹಾಕಿ ಜಾತಿಗೆ ತೂಗುಹಾಕಿದರು. ಹೊಸ ಗುಣ ಬೇಕಾದರೆ ಹೊಸ ಚೀಲವನ್ನು ಸೇರಿಸಬಹುದು, ಮಾನಕವನ್ನು ತಿದ್ದಬೇಕಾಗಿಲ್ಲ. ‘ಪಿಸೆಟ್’ ಎಂಬ ಪೂರ್ವಪದ ಮಾನಕಸ್ಥ ಚೀಲಗಳಿಗೆ ಮೀಸಲು. ಗೋಡೆಗೆ ಸಾಮಾನ್ಯವಾದ ಚೀಲದಲ್ಲಿ ಅದು ಹೊರಗೋಡೆಯೆ, ಭಾರ ಹೊರುವುದೆ, ಶಾಖವನ್ನು ಎಷ್ಟು ಹಾಯಿಸುತ್ತದೆ, ಅಗ್ನಿನಿರೋಧ ಎಷ್ಟು ಎಂಬ ಗುಣಗಳಿವೆ.

ಈ ಕಡೆಯ ಗುಣದ ವ್ಯಾಖ್ಯೆ ಕುತೂಹಲಕರ. ಅದರ ಮೌಲ್ಯವನ್ನು ಆಯಾ ದೇಶದ ಅಗ್ನಿಸುರಕ್ಷೆಯ ವರ್ಗೀಕರಣಕ್ಕೆ ಅನುಸಾರವಾಗಿ ಕೊಡತಕ್ಕದ್ದೆಂದು ಮಾನಕವು ಹೇಳಿ ಸುಮ್ಮನಾಗುತ್ತದೆ. ಮೌಲ್ಯವು ಸಂಖ್ಯೆಯೂ ಅಲ್ಲ, ಕೇವಲ ಅಕ್ಷರಗಳ ಸಾಲು. ಒಬ್ಬನು 60 ಎಂದು, ಮತ್ತೊಬ್ಬನು ಒಂದು ಗಂಟೆ ಎಂದು ಬರೆದರೆ ಎರಡೂ ಸಿಂಧು. ಎಲ್ಲ ದೇಶಗಳೂ ಒಪ್ಪಬೇಕಾದ ಮಾನಕಕ್ಕೆ ಬೇರೆ ದಾರಿ ಇರಲಿಲ್ಲವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೆಸರನ್ನು ಮಾತ್ರ ಏಕರೂಪವಾಗಿಸಿ ಅರ್ಥವನ್ನು ಅವರವರಿಗೆ ಬಿಟ್ಟುಕೊಟ್ಟಂತಾಯಿತು.

ಇದು ಕೇವಲ ಪಟ್ಟಿಗಳ ಜಗಳವಲ್ಲವೆಂಬುದಕ್ಕೆ 2017ರ ಜೂನ್ 14ರ ದುರಂತ ಸಾಕ್ಷಿ. ಅಂದು ಲಂಡನ್ನಿನ 24 ಅಂತಸ್ತುಗಳ ಗ್ರೆನ್‌ಫೆಲ್ ಟವರಿಗೆ ಬೆಂಕಿ ಬಿದ್ದು 72 ಜನ ಮಡಿದರು. ಹಿಂದಿನ ವರ್ಷವಷ್ಟೇ ಮುಗಿದಿದ್ದ ನವೀಕರಣದಲ್ಲಿ ಹೊರಮೈಗೆ ಹೊದಿಸಿದ ಫಲಕಗಳ ಒಳತಿರುಳು ಪಾಲಿಎಥಿಲೀನ್. ಬೆಂಕಿ ಹಬ್ಬಲು ಅದೇ ಮುಖ್ಯ ಕಾರಣವಾಯಿತು. 2018ರ ಮೇ ತಿಂಗಳಲ್ಲಿ ಡೇಮ್ ಜೂಡಿತ್ ಹ್ಯಾಕಿಟ್ಟರ ವರದಿ, ಕಟ್ಟಡದಲ್ಲಿ ಏನಿದೆ, ಅದನ್ನು ಯಾರು ಏಕೆ ಆರಿಸಿದರು ಎಂಬ ಮಾಹಿತಿಯ ‘ಚಿನ್ನದ ಎಳೆ’ಯೊಂದು ವಿನ್ಯಾಸದಿಂದ ವಾಸದವರೆಗೆ ಕಡಿಯದೆ ಸಾಗಬೇಕೆಂದು ಶಿಫಾರಸು ಮಾಡಿತು. 2022ರ ಕಟ್ಟಡ ಸುರಕ್ಷಾ ಶಾಸನದಿಂದ ಎತ್ತರದ ವಾಸದ ಕಟ್ಟಡಗಳಿಗೆ ಅದು ಕಾನೂನಾಯಿತು. ಫಲಕದ ಗುಣವನ್ನು ದಾಖಲಿಸುವುದು ಇಲ್ಲಿ ನಕ್ಷೆಗಾರನ ಸೌಕರ್ಯವಾಗಿ ಉಳಿಯದೆ ಶಾಸನಬದ್ಧ ಹೊಣೆಯಾಯಿತು.

ಆದರೆ 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ವಿಚಾರಣಾ ಆಯೋಗದ ಅಂತಿಮ ವರದಿಯನ್ನು ಇದರೊಡನೆ ಓದಬೇಕು. ಸಾಮಗ್ರಿಗಳನ್ನು ತಯಾರಿಸಿದವರು, ಮಾರಿದವರು ಅಗ್ನಿಪರೀಕ್ಷೆಗಳ ವಿಷಯದಲ್ಲಿ ವ್ಯವಸ್ಥಿತವಾಗಿ ಅಪ್ರಾಮಾಣಿಕರಾಗಿದ್ದರೆಂದು ಅದು ನಿರ್ಣಯಿಸಿದೆ. ಅಂದಮೇಲೆ ಕೋಷ್ಟಕದ ಪ್ರತಿ ಅಂಕಣವನ್ನೂ ತುಂಬಿದ್ದರೂ, ಸಂಕೇತ ಸರಿಯಾಗಿದ್ದರೂ, ಚೀಲ ಮಾನಕಸ್ಥವಾಗಿದ್ದರೂ, ಬರೆದ ಮೌಲ್ಯ ಸುಳ್ಳಾಗಿರಬಹುದು. ಈಗಿನ ತಂತ್ರಾಂಶಗಳಲ್ಲಿ ಒಂದು ಗುಣದ ಮೌಲ್ಯವನ್ನು ಬರೆಯಲು ಸ್ಥಳವಿದೆ. ಆ ಮೌಲ್ಯ ಯಾವ ಪರೀಕ್ಷೆಯಿಂದ ಬಂದಿತು, ಯಾರು ಯಾವ ದಿನ ಬರೆದರು ಎಂಬುದಕ್ಕೆ ತಾನಾಗಿ ಒದಗುವ ಸ್ಥಳ ವಿರಳ. ಬೇಕಾದವರು ಅದಕ್ಕಾಗಿ ಬೇರೆ ಪ್ಯಾರಾಮೀಟರುಗಳನ್ನು ಸೃಷ್ಟಿಸಿಕೊಳ್ಳಬೇಕು. ತಾಮ್ರಶಾಸನದ ಕೊನೆಯಲ್ಲಿ ಬರೆದವನ, ಕಂಡರಿಸಿದವನ, ಸಾಕ್ಷಿಗಳ ಹೆಸರನ್ನು ನಮೂದಿಸುತ್ತಿದ್ದ ಕಾಲದವರು ಈ ವಿಷಯದಲ್ಲಿ ನಮಗಿಂತ ಜಾಗರೂಕರಾಗಿದ್ದರೆಂದು ಒಪ್ಪಬೇಕು. ಕೂಟಶಾಸನಗಳೂ ಇದ್ದುವೆಂಬುದು ನಿಜ. ಆದರೆ ಅವು ಕೂಟವೆಂದು ನಮಗೆ ತಿಳಿದುದು ಹೆಚ್ಚಾಗಿ ಆ ಹೆಸರುಗಳಿಂದಲೂ ತಿಥಿಗಳಿಂದಲೂ ಅಲ್ಲವೆ?

ಇನ್ನು ಉಳಿದುದು ರಕ್ಷಣೆಯ ಪ್ರಶ್ನೆ. ರೆವಿಟ್ಟಿನ ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತವನ್ನು ಹಳೆಯ ಆವೃತ್ತಿ ತೆರೆಯಲಾರದು; ಸೊನಾಟಾದಂಥ ತಂತ್ರಾಂಶಗಳು ಮರೆಯಾದಾಗ ಅವುಗಳ ಕಡತಗಳ ಗತಿಯನ್ನು ಊಹಿಸಬಹುದು. ಐ. ಎಫ್. ಸಿ. ಕಡತಗಳು ಸಾಮಾನ್ಯವಾಗಿ ಸರಳ ಅಕ್ಷರಗಳಲ್ಲಿರುವುದರಿಂದ ಯಾವ ತಂತ್ರಾಂಶವಿಲ್ಲದೆಯೂ ಕಣ್ಣಿನಿಂದ ಓದಲು ಬರುತ್ತವೆ. ಆದರೆ ಆ ರೂಪಕ್ಕೆ ತಿರುಗಿಸುವಾಗ ಮೌಲ್ಯ ಉಳಿಯುತ್ತದೆ, ವಿಧಿ ಬಹುಮಟ್ಟಿಗೆ ಕಳೆದುಹೋಗುತ್ತದೆ. ಕಿಟಕಿಯ ಎತ್ತರ 1350 ಎಂದು ತಿಳಿಯುತ್ತದೆ. ಅದು ಅಗಲದ ಒಂದೂವರೆಯಷ್ಟಿರಬೇಕೆಂದು ವಿನ್ಯಾಸಕಾರನು ವಿಧಿಸಿದ್ದನೆ, ಅಥವಾ ಸುಮ್ಮನೆ ಬರೆದ ಅಂಕಿಯೆ ಎಂಬುದು ತಿಳಿಯುವುದಿಲ್ಲ. ಸಾರ್ವಜನಿಕ ಕಟ್ಟಡಗಳ ಇಂಥ ಮಾದರಿಗಳು ಮುಂದೆ ನಮ್ಮ ಪತ್ರಾಗಾರಗಳಿಗೆ ಬರುವುದು ಖಂಡಿತ. ಆಗ ಮೂಲ ಮಾದರಿ ಮತ್ತು ಅದರ ವಿನಿಮಯ ಪ್ರತಿ ಇವೆರಡರ ಜೊತೆಗೆ, ಹಂಚಿಕೆಯ ಪ್ಯಾರಾಮೀಟರುಗಳ ಪಠ್ಯಕಡತವನ್ನೂ, ಬಳಸಿದ ತಂತ್ರಾಂಶದ ಹೆಸರು ಮತ್ತು ಆವೃತ್ತಿಯ ಸಂಖ್ಯೆಯನ್ನೂ ಒಪ್ಪಿಸುವವರಿಂದ ಕೇಳಿ ಪಡೆಯತಕ್ಕದ್ದು. ಪಠ್ಯಕಡತ ಕೆಲವೇ ಪುಟಗಳದಾದ್ದರಿಂದ ಅದನ್ನು ಮುದ್ರಿಸಿ ಕಾಗದದ ಮೇಲೂ ಇಟ್ಟುಕೊಳ್ಳಬಹುದು.